ಗಿರಾಕಿ ಮೊದಲು, ಜಾಲತಾಣ ಆಮೇಲೆ

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೋದರನ ಜೊತೆಗೂಡಿ ಒಂದು ಸೈಕಲ್ ಅಂಗಡಿ ಇಟ್ಟರು. ಊರಿಗೆ ಸೈಕಲ್ಲೇ ಹೊಸದಾಗಿದ್ದ ಕಾಲ. ಮಾರುವುದರ ಜೊತೆಗೆ ಕೊಂಡವರಿಗೆ ಸವಾರಿ ಕಲಿಸುವುದೂ ಅವರದೇ ಕೆಲಸವಾಗಿತ್ತು. ಆ ಅಂಗಡಿಯಿಂದಲೇ ಅವರು ಮುಂದೆ ಮೇವು ಕತ್ತರಿಸುವ ಯಂತ್ರಕ್ಕೆ, ಅಲ್ಲಿಂದ ಕಬ್ಬಿಣದ ನೇಗಿಲಿಗೆ ಹೋದರು. ಕಬ್ಬಿಣ ತಾಗಿದರೆ ಹೊಲದ ಮಣ್ಣಿಗೆ ವಿಷವೇರುತ್ತದೆ ಎಂದು ರೈತರು ಹೆದರುತ್ತಿದ್ದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. 1910ರಲ್ಲಿ ಅವರು ಬೆಳಗಾವಿ ಬಿಟ್ಟು ಔಂಧ್ ಸಂಸ್ಥಾನದಲ್ಲಿ ಕಾರ್ಖಾನೆ ಕಟ್ಟಿದರು. ಅದೇ ಮುಂದೆ ಕಿರ್ಲೋಸ್ಕರವಾಡಿ ಆಯಿತು. 1920ರಲ್ಲಿ ಅಲ್ಲಿಂದ ‘ಕಿರ್ಲೋಸ್ಕರ್ ಖಬರ್’ ಎಂಬ ಮಾಸಿಕವೂ ಹೊರಟಿತು. ಕಾರ್ಖಾನೆಯ ಸುದ್ದಿ ದೂರದ ಗಿರಾಕಿಗಳ ಮನೆಗೆ ಅಂಚೆಯಲ್ಲಿ ಹೋಗುತ್ತಿತ್ತು. ಇವತ್ತು ನಮ್ಮ ಹುಡುಗರು ಇನ್‌ಸ್ಟಾಗ್ರಾಮ್‌ನಲ್ಲಿ ಮಾಡಲು ಹೊರಟಿರುವ ಕೆಲಸವೂ ಇದೇ.

ಸೈಕಲ್, ಮೇವಿನ ಯಂತ್ರ, ನೇಗಿಲು ಎಂಬ ಈ ಸಾಲನ್ನು ನಾನು ಪಾಠ ಹೇಳುವಾಗ ಮತ್ತೆ ಮತ್ತೆ ಹೇಳುತ್ತೇನೆ. ಕಿರ್ಲೋಸ್ಕರರು ನೇಗಿಲಿನ ವಿಚಾರವನ್ನು ಕೋಣೆಯಲ್ಲಿ ಕೂತು ಹೊಳೆಯಿಸಿಕೊಂಡವರಲ್ಲ. ಅಂಗಡಿ ಇಟ್ಟಿದ್ದರಿಂದ ಜನ ಬಂದರು, ಜನ ಬಂದಿದ್ದರಿಂದ ಅವರ ಅಡಚಣೆ ಕಣ್ಣಿಗೆ ಬಿತ್ತು. ಎತ್ತಿಗೆ ಮೇವು ಕತ್ತರಿಸಿ ಕೈ ಸೋತ ರೈತ ಎದುರಿಗೆ ಬಂದು ನಿಲ್ಲದಿದ್ದರೆ ಆ ಯಂತ್ರಕ್ಕೆ ಅರ್ಥವೇ ಇರಲಿಲ್ಲ.

ಇತ್ತೀಚೆಗೆ ಕಾಲೇಜಿನ ಹುಡುಗ ಹುಡುಗಿಯರು ಬಂದು ಕೇಳುವ ಪ್ರಶ್ನೆ ಒಂದೇ. “ಸರ್, ಆನ್‌ಲೈನ್ ಬಿಸಿನೆಸ್ ಮಾಡೋಣಂತೀವ್ರಿ. ಒಂದು ಚಲೋ ಐಡಿಯಾ ಹೇಳ್ರಿ.” ಹೀಗೆ ಕೇಳುವಾಗ ಅವರ ಕೈಯಲ್ಲಿ ಜಾಲತಾಣ ಕಟ್ಟುವ ವಿದ್ಯೆ ಆಗಲೇ ಇರುತ್ತದೆ. ಮೂರನೇ ಸೆಮಿಸ್ಟರಿನ ಹುಡುಗಿ ಎರಡು ದಿನದಲ್ಲಿ ಚಂದದ ಅಂಗಡಿಪುಟ ಮಾಡಿ ತೋರಿಸುತ್ತಾಳೆ. ಹೆಸರಿದೆ, ಚಿಹ್ನೆ ಇದೆ, ಬಣ್ಣವಿದೆ, ರೊಕ್ಕ ಕಟ್ಟಲು ಕ್ಯೂಆರ್ ಚೌಕವೂ ಇದೆ. ಯಾರಿಗೆ ಏನು ಮಾರಬೇಕು ಎಂಬುದಷ್ಟೇ ಇಲ್ಲ. ಆ ಹುಡುಕಾಟ ಫೋನಿನಲ್ಲಿ ಮುಗಿಯುವಂಥದ್ದಲ್ಲ. ಬೆಳಗಾವಿ ವಿದ್ಯಾರ್ಥಿಗೆ ಅದಕ್ಕೆ ಬೇಕಾದದ್ದು ಪಕ್ಕದ ತಾಲ್ಲೂಕು ಖಾನಾಪುರಕ್ಕೆ ಹೋಗುವ ಬಸ್ಸು.

ಅಂತರಜಾಲದಲ್ಲೇ ಬೆಳೆದ ದೊಡ್ಡ ಕಂಪನಿಗಳೂ ಶುರುವಾದದ್ದು ಹೀಗೆಯೇ. 2005ರ ದೀಪಾವಳಿಗೆ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗಲು ಬಸ್ ಟಿಕೆಟ್ ಸಿಗದೆ ಉಳಿದ ಫಣೀಂದ್ರ ಸಾಮ, ಯಾವ ಬಸ್ಸಿನಲ್ಲಿ ಎಷ್ಟು ಸೀಟು ಖಾಲಿ ಇದೆ ಎಂದು ಒಬ್ಬ ಏಜೆಂಟನಿಗೂ ಪೂರ್ತಿ ಗೊತ್ತಿರುವುದಿಲ್ಲ ಎಂಬುದನ್ನು ಏಜೆಂಟರ ಹತ್ತಿರವೇ ಕೇಳಿ ತಿಳಿದುಕೊಂಡರು. ಗೆಳೆಯರ ಜೊತೆ ಸೇರಿ ಮೊದಲು ಬಸ್ ಮಾಲೀಕರಿಗೆ ಸಾಫ್ಟ್‌ವೇರ್ ಕೊಡಲು ಹೋದಾಗ ಅವರು ಬೇಡವೆಂದರು. ಹಾಗಾದರೆ ಸೀಟನ್ನೇ ಮಾರಿಕೊಡುತ್ತೇವೆ ಎಂದು ಹೊರಟದ್ದು 2006ರ ರೆಡ್‌ಬಸ್. ಮರುವರ್ಷ ಬೆಂಗಳೂರಿನ ಕೋರಮಂಗಲದಲ್ಲಿ ಪುಸ್ತಕ ಮಾರಲು ಶುರುವಾದ ಫ್ಲಿಪ್‌ಕಾರ್ಟ್‌ನ ಇಬ್ಬರು ಬನ್ಸಲ್‌ಗಳು ಗಂಗಾರಾಮ್ಸ್ ಪುಸ್ತಕದ ಅಂಗಡಿಯ ಹೊರಗೆ ನಿಂತು, ಪುಸ್ತಕ ಕೊಂಡು ಬರುವವರ ಕೈಗೆ ತಮ್ಮ ಹೆಸರಿದ್ದ ಪುಟಗುರುತಿನ ಚೀಟಿ ಕೊಡುತ್ತಿದ್ದರು. ಓದುವವರು ಎಲ್ಲಿದ್ದಾರೋ ಅಲ್ಲಿಗೇ ಹೋಗಿ ನಿಂತಿದ್ದರು ಎಂಬುದನ್ನು ಗಮನಿಸಿ.

ಇನ್ನು ನಮ್ಮ ರಸ್ತೆಗೆ ಬರೋಣ. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್. ತಿಳಕವಾಡಿ ದಾಟಿದರೆ ಉದ್ಯಮಬಾಗ, ಆಮೇಲೆ ಪೀರನವಾಡಿ, ಮಚ್ಛೆ, ದೇಸೂರು, ಮುಂದೆ ಭತ್ತದ ಗದ್ದೆ, ಹೆಂಚು ಇಟ್ಟಿಗೆಯ ಭಟ್ಟಿಗಳು, ಖಾನಾಪುರ. ಮಚ್ಛೆಯಲ್ಲಿ ‘ಜ್ಞಾನ ಸಂಗಮ’ ಇದೆ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಅದು. ರಾಜ್ಯದ ಎಷ್ಟೋ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಅಂಕಪಟ್ಟಿ ತಯಾರಾಗುವ ಊರಿನಲ್ಲೇ ಕೂತಿದ್ದೇವೆ ನಾವು. ಈ ಒಂದು ರಸ್ತೆಯನ್ನು ಕಣ್ಣು ತೆರೆದು ನೋಡಿದರೆ ನಾಲ್ಕು ಬ್ಯಾಚಿಗೆ ಸಾಲುವಷ್ಟು ಕೆಲಸ ಬಿದ್ದಿದೆ.

ಉದ್ಯಮಬಾಗದಿಂದ ಶುರು ಮಾಡುತ್ತೇನೆ. ಗೋಗಟೆ ತಾಂತ್ರಿಕ ಸಂಸ್ಥೆ, ಕೆಎಲ್‌ಇಯ ಶೇಷಗಿರಿ ಎಂಜಿನಿಯರಿಂಗ್ ಕಾಲೇಜು, ಎರಡೂ 1979ರಲ್ಲಿ ಶುರುವಾದವು, ಎರಡೂ ಉದ್ಯಮಬಾಗದಲ್ಲೇ ಇವೆ. ಕಾಲೇಜಿನ ಗೇಟಿನಿಂದ ನಡೆಯುವಷ್ಟು ದೂರದಲ್ಲಿ ಫೌಂಡ್ರಿಗಳು, ಹೈಡ್ರಾಲಿಕ್ ಸಾಮಾನಿನ ಕಾರ್ಖಾನೆಗಳು, ಒಂದೆರಡು ಲೇತ್ ಇಟ್ಟುಕೊಂಡ ಸಣ್ಣ ವರ್ಕ್‌ಶಾಪುಗಳು. ಈ ಸಣ್ಣವರ ಬದುಕೆಲ್ಲ ಜಾಬ್ ವರ್ಕ್ ಮೇಲೆ ನಿಂತಿದೆ. ದೊಡ್ಡ ಕಂಪನಿಯ ಆರ್ಡರ್ ಬಂದರೆ ಹಗಲು ರಾತ್ರಿ ಮಷಿನ್ ಓಡುತ್ತದೆ, ಬರದಿದ್ದರೆ ಸುಮ್ಮನೆ ನಿಲ್ಲುತ್ತದೆ. ಅದೇ ಹೊತ್ತಿಗೆ ಕೊಲ್ಲಾಪುರದಲ್ಲೋ ಹುಬ್ಬಳ್ಳಿಯಲ್ಲೋ ಒಬ್ಬನಿಗೆ ಹತ್ತೇ ಹತ್ತು ಬುಶ್ ಬೇಕಾಗಿರುತ್ತದೆ. ಹತ್ತು ಪೀಸಿಗೆ ದೊಡ್ಡ ಕಾರ್ಖಾನೆ ಬಾಗಿಲು ತೆರೆಯುವುದಿಲ್ಲ. ಈ ಇಬ್ಬರನ್ನು ಕೂಡಿಸುವುದು ಒಂದು ವ್ಯವಹಾರ. ಯಾವ ವರ್ಕ್‌ಶಾಪಿನಲ್ಲಿ ಯಾವ ಮಷಿನ್, ಎಷ್ಟು ಉದ್ದದ ಕೆಲಸ ಹಿಡಿಯುತ್ತದೆ, ಎಷ್ಟು ಮೈಕ್ರಾನ್ ನಿಖರತೆ ಬರುತ್ತದೆ, ವಾರದಲ್ಲಿ ಯಾವ ದಿನ ಖಾಲಿ, ಈ ನಾಲ್ಕು ಸಂಗತಿಯ ಪಟ್ಟಿ ಮಾಡಿದರೆ ಸಾಕು, ಅರ್ಧ ದಂಧೆ ಸಿದ್ಧವಾಯಿತು. ಡ್ರಾಯಿಂಗ್ ಓದಲು ಬರುವ ಮೆಕ್ಯಾನಿಕಲ್ ಹುಡುಗ, ಪಟ್ಟಿಯನ್ನು ಜಾಲಕ್ಕೆ ಹಾಕುವ ಕಂಪ್ಯೂಟರ್ ಸೈನ್ಸ್ ಹುಡುಗಿ, ಬಿಲ್ಲು ಬರೆಯುವ ಬಿಕಾಂ ಗೆಳೆಯ, ಈ ಮೂವರು ಸಾಕು. ಬೆಂಗಳೂರಿನವರಿಗೆ ಈ ಕೆಲಸ ಸುಲಭವಲ್ಲ, ಅವರಿಗೆ ಉದ್ಯಮಬಾಗದ ಗಲ್ಲಿಗಳ ಪರಿಚಯವಿಲ್ಲ.

ಬೆಳಗಾವಿ ಊರೊಳಗಿನ ಶಹಾಪುರ, ವಡಗಾಂವ, ಖಾಸಬಾಗದ ಮಗ್ಗಗಳ ವಿಷಯಕ್ಕೆ ಬಂದಾಗ ಹುಡುಗರಿಗೆ ಮೊದಲು ಹೊಳೆಯುವುದು ಸೀರೆಯ ಫೋಟೋ ಹಾಕಿ ಮಾರುವುದು. ಇಂಥ ಯೋಚನೆಯಿದ್ದ ಇಬ್ಬರನ್ನು ಕರೆದುಕೊಂಡು ಪರಿಚಯದ ಒಬ್ಬ ಸೀರೆ ವ್ಯಾಪಾರಿಯ ಬಳಿ ಹೋಗಿದ್ದೆ. ಹುಡುಗ ಬಹಳ ಉಮೇದಿನಿಂದ ವಿವರಿಸಿದ. ಎಲ್ಲ ಕೇಳಿಸಿಕೊಂಡು ಆ ಹಿರಿಯರು ಅಂದರು, “ತಮ್ಮಾ, ಫೋಟೋ ಹಾಕೂದು ನನ್ನ ಮೊಮ್ಮಗಳಿಗೂ ಬರ್ತೈತಿ. ಬಣ್ಣ ಬ್ಯಾರೆ ಬಂತು ಅಂತ ಗಿರಾಕಿ ಸೀರಿ ವಾಪಸ್ ಕಳಿಸ್ತಾರಲ್ಲಾ, ಅದಕ್ಕೇನರ ಮಾಡ್ತಿಯೇನು?” ಹುಡುಗ ಸುಮ್ಮನಾದ. ಹುಡುಗಿ ಕೇಳಿದಳು, “ಕಾಕಾರ, ಹತ್ತು ಸೀರಿಯೊಳಗ ಎಷ್ಟು ವಾಪಸ್ ಬರ್ತಾವ್ರಿ?” ಅವರು ಗಲ್ಲೆಯ ಹಿಂದಿನಿಂದ ಒಂದು ಉದ್ದ ವಹಿ ತೆಗೆದರು. ವಾಪಸ್ ಬಂದ ಪ್ರತಿಯೊಂದು ಸೀರೆಯೂ ಅದರಲ್ಲಿತ್ತು, ಯಾಕೆ ಬಂತು ಎಂಬುದರ ಸಮೇತ. ಹೆಚ್ಚಿನವು ನೇರಳೆ ಮತ್ತು ಕಡುಹಸಿರಿನವು. ಟ್ಯೂಬ್‌ಲೈಟಿನ ಕೆಳಗೆ ಫೋನಿನಲ್ಲಿ ತೆಗೆದ ಚಿತ್ರದಲ್ಲಿ ಆ ಎರಡು ಬಣ್ಣ ಸರಿಯಾಗಿ ಮೂಡುವುದಿಲ್ಲ. ಆ ಹೊತ್ತಿಗೆ ಇವರಿಬ್ಬರ ವ್ಯವಹಾರವೇ ಬದಲಾಯಿತು. ಸೀರೆ ಮಾರುವ ಇನ್ನೊಂದು ಅಂಗಡಿಪುಟ ಯಾರಿಗೂ ಬೇಕಿರಲಿಲ್ಲ. ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಬಣ್ಣದ ಅಳತೆಪಟ್ಟಿ ಇಟ್ಟು, ನಿಜವಾದ ಬಣ್ಣ ಕಾಣುವಂತೆ ಚಿತ್ರ ತೆಗೆದು, ಸೆರಗು, ಅಂಚು, ನೂಲಿನ ವಿವರ ಬರೆದುಕೊಡುವವರು ಬೇಕಾಗಿದ್ದರು. ಸೀರೆಗೆ ಇಷ್ಟು ಎಂದು ದರ ಹಿಡಿದು ಮಾಡಬಹುದಾದ ಕೆಲಸ, ಬಂಡವಾಳವಿಲ್ಲ, ಉಳಿದ ಸರಕಿನ ಚಿಂತೆಯಿಲ್ಲ. ಆ ವಹಿ ನೋಡಲು ಸಿಕ್ಕಿದ್ದು ಆ ಹುಡುಗಿ ಕೇಳಿದ ಒಂದು ಪ್ರಶ್ನೆಯಿಂದ.

ವಾಪಸಾತಿಯ ಪೆಟ್ಟು ಎಷ್ಟು ದೊಡ್ಡದೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಮನೆಗೆ ತಲುಪಿದ ಮೇಲೆ ರೊಕ್ಕ ಕೊಡುತ್ತೇನೆ ಎಂದ ಗಿರಾಕಿ ಬಾಗಿಲಲ್ಲೇ ಬೇಡವೆಂದರೆ, ಹೋಗುವ ಖರ್ಚು, ಬರುವ ಖರ್ಚು ಎರಡೂ ಮಾರಿದವನ ತಲೆಗೆ. ನೂರು ರೂಪಾಯಿ ಲಾಭದ ವಸ್ತುವಿಗೆ ಇಂಥ ಒಂದು ವಾಪಸಾತಿ ಬಂದರೆ ಮತ್ತೆರಡು ಮಾರಾಟದ ಲಾಭವನ್ನು ಅದೇ ತಿಂದುಹಾಕಬಹುದು. 2016ರಲ್ಲಿ ಬಂದ ಯುಪಿಐಯಿಂದ ಮುಂಗಡ ಪಡೆಯುವುದು ಸುಲಭವಾಗಿದೆ. ಶುರುವಿನಲ್ಲಿ ಅರ್ಧ ರೊಕ್ಕವಾದರೂ ಮೊದಲೇ ತೆಗೆದುಕೊಳ್ಳಿ ಎಂದು ನಾನು ಹುಡುಗರಿಗೆ ಖಡಾಖಂಡಿತವಾಗಿ ಹೇಳುತ್ತೇನೆ.

ಈಗ ಖಾನಾಪುರ. ಇಲ್ಲಿನ ಮಣ್ಣು ಹೆಂಚು, ಇಟ್ಟಿಗೆ, ಮಡಕೆಗೆ ಹೇಳಿಮಾಡಿಸಿದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಖಾನಾಪುರದಲ್ಲಿರುವುದೂ ಅದಕ್ಕೇ. ಮಣ್ಣಿನ ಪಾತ್ರೆಯಲ್ಲಿ ಅಡುಗೆ, ಮಣ್ಣಿನ ಕಪ್ಪಿನಲ್ಲಿ ಚಹಾ, ಇವಕ್ಕೆಲ್ಲ ಪೇಟೆಗಳಲ್ಲಿ ಈಗ ಬೇಡಿಕೆ ಇದೆ. ಆದ್ದರಿಂದ ಖಾನಾಪುರದ ಮಡಕೆಯನ್ನು ಆನ್‌ಲೈನ್ ಮಾರೋಣ ಎಂಬ ಆಸೆ ಹುಟ್ಟುವುದು ಸಹಜ. ನಾನೂ ಅದನ್ನು ಹುರಿದುಂಬಿಸುತ್ತೇನೆ, ಆದರೆ ಒಂದು ಅಳತೆಪಟ್ಟಿ ಕೈಗೆ ಕೊಟ್ಟು.

ಯಾಕೆಂದರೆ ಕೊರಿಯರ್‌ನವರು ತೂಕವನ್ನಷ್ಟೇ ನೋಡುವುದಿಲ್ಲ, ಪೆಟ್ಟಿಗೆ ಎಷ್ಟು ಜಾಗ ತಿನ್ನುತ್ತದೆ ಎಂದೂ ನೋಡುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆಯೇ ಕಿಲೋ ಲೆಕ್ಕ. ತೂಕ, ಈ ಲೆಕ್ಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. ಒಂದು ನೀರಿನ ಗಡಿಗೆಯನ್ನು ಹುಲ್ಲು ತುಂಬಿ 30 ಸೆಂಟಿಮೀಟರಿನ ಚೌಕ ಪೆಟ್ಟಿಗೆಯಲ್ಲಿ ಇಟ್ಟರೆ 27,000 ಘನ ಸೆಂಟಿಮೀಟರ್ ಆಯಿತು, ಎಂದರೆ 5.4 ಕಿಲೋ. ಗಡಿಗೆಯ ನಿಜ ತೂಕ ಅದರ ಅರ್ಧವೂ ಇರಲಿಕ್ಕಿಲ್ಲ. ಬೆಂಗಳೂರಿಗೆ ಮುಟ್ಟುವಷ್ಟರಲ್ಲಿ ಗಡಿಗೆಗಿಂತ ಸಾಗಣೆಯೇ ತುಟ್ಟಿ. ಅದರ ಬದಲು ಒಂದರೊಳಗೊಂದು ಕೂಡುವ ಹಾಗೆ ತಿರುಗಿಸಿದ ಚಹಾ ಕಪ್ಪುಗಳನ್ನು 20, 20, 15ರ ಪೆಟ್ಟಿಗೆಯಲ್ಲಿ ಇಟ್ಟರೆ ಲೆಕ್ಕ 1.2 ಕಿಲೋಗೆ ಇಳಿಯುತ್ತದೆ. ಹಾಗಾಗಿ ಏನು ಮಾರಬೇಕು ಎಂಬುದನ್ನು ಪೆಟ್ಟಿಗೆಯೇ ತೀರ್ಮಾನಿಸುತ್ತದೆ. ಕುಂಬಾರರ ಜೊತೆ ಕೂತು, ಕಪ್ಪಿನ ಬಾಯಿ ಎಷ್ಟು ಅಗಲ ಮಾಡಿದರೆ ಇನ್ನೊಂದು ಅದರೊಳಗೆ ಕೂಡುತ್ತದೆ ಎಂದು ಚಕ್ರದ ಮುಂದೆಯೇ ಮಾತಾಡಬೇಕು. ವಿದ್ಯಾರ್ಥಿಗಳ ಕೆಲಸ ಇಲ್ಲಿದೆ.

ಒಡೆಯುವ ಭಯಕ್ಕೂ ಉತ್ತರ ಅಲ್ಲೇ ಇದೆ. ಗುಳ್ಳೆಯ ಪ್ಲಾಸ್ಟಿಕ್ ಹಾಳೆ ಬರುವ ಮೊದಲು ಕುಂಬಾರರು ಗಾಡಿ ತುಂಬ ಮಡಕೆ ಹೇರಿಕೊಂಡು ಸಂತೆಗಳಿಗೆ ಹೋಗುತ್ತಿರಲಿಲ್ಲವೇ? ಮಡಕೆಯ ಹೊಟ್ಟೆಯೊಳಗೆ ಹುಲ್ಲು, ಎರಡು ಮಡಕೆಯ ನಡುವೆ ಹುಲ್ಲಿನ ಸಿಂಬಿ, ಮೇಲೆ ಕೆಳಗೆ ಹುಲ್ಲಿನ ಹಾಸು. ಖಾನಾಪುರ ಭತ್ತದ ತಾಲ್ಲೂಕು, ಹುಲ್ಲಿಗೆ ಬರವಿಲ್ಲ. ಒಣಗಿದ ಹುಲ್ಲೇ ಇರಬೇಕು, ಹಸಿ ಉಳಿದರೆ ಪೆಟ್ಟಿಗೆಯೊಳಗೆ ಬೂಸ್ಟು ಹಿಡಿಯುತ್ತದೆ. ಹೀಗೆ ಕಟ್ಟಿದ ಪೆಟ್ಟಿಗೆಯನ್ನು ಎದೆಯೆತ್ತರದಿಂದ ಕೆಳಗೆ ಬಿಟ್ಟು ನೋಡಿ, ಒಡೆದರೆ ಮತ್ತೆ ಕಟ್ಟಿ. ಗಿರಾಕಿಯ ಮನೆಯಲ್ಲಿ ಒಡೆಯುವುದಕ್ಕಿಂತ ನಿಮ್ಮ ಪಡಸಾಲೆಯಲ್ಲಿ ಒಡೆದದ್ದು ಅಗ್ಗ.

ಖಾನಾಪುರದಿಂದ ಪಶ್ಚಿಮಕ್ಕೆ ಹೋದರೆ ಮಲಪ್ರಭೆ ಹುಟ್ಟುವ ಕಣಕುಂಬಿ, 2011ರಲ್ಲಿ ಘೋಷಣೆಯಾದ ಭೀಮಗಡ ಅಭಯಾರಣ್ಯ. ಗೋಡಂಬಿ, ಹಲಸು, ಕೋಕಂ, ಜೇನು ಎಲ್ಲ ಇದೆ. ಇಲ್ಲಿ ಕೆಲವು ಮಾತು ಹೇಳಲೇಬೇಕು. ಕಾಡಿನ ಉತ್ಪನ್ನಕ್ಕೆ ಅರಣ್ಯ ಇಲಾಖೆಯ ಕಟ್ಟಳೆಗಳಿವೆ, ಅವನ್ನು ಕೇಳಿ ತಿಳಿಯದೆ ಕಾಡುಜೇನೆಂದು ಹೆಸರು ಬರೆದು ಮಾರಲು ಹೋಗಬೇಡಿ. ಮನೆಯ ಹಿತ್ತಲಿನ ಹಲಸಿನ ಚಿಪ್ಸಾದರೂ ಸರಿ, ತಿನ್ನುವ ಪದಾರ್ಥ ಮಾರಲು ಆಹಾರ ಸುರಕ್ಷತೆಯ ನೋಂದಣಿ ಸಂಖ್ಯೆ ಬೇಕು, ಪೊಟ್ಟಣದ ಮೇಲೆ ಅದು ಕಾಣಬೇಕು. ಇನ್ನೊಂದು, ಕಾಡಂಚಿನ ಹಳ್ಳಿಗಳಲ್ಲಿ ಫೋನಿನ ಸಿಗ್ನಲ್ ನೆಚ್ಚುವಂತಿಲ್ಲ, ಮಳೆಗಾಲದಲ್ಲಂತೂ ಕೇಳಬೇಡಿ. ಅಲ್ಲಿಯ ಹೆಣ್ಣುಮಕ್ಕಳ ಸ್ವಸಹಾಯ ಸಂಘ ನಿಮ್ಮ ಆ್ಯಪ್ ತೆರೆದು ಆರ್ಡರ್ ನೋಡಲಿ ಎಂದು ಕಾಯುವುದು ಸರಿಯಲ್ಲ. ಬಸ್ಸಿನಲ್ಲಿ ದಿನಾಲೂ ಬೆಳಗಾವಿಗೆ ಕಲಿಯಲು ಬರುವ ಆ ಊರಿನದೇ ಹುಡುಗಿಯ ಕೈಯಲ್ಲಿ ಆರ್ಡರಿನ ಚೀಟಿ ಹೋಗಲಿ. ಪಾಸ್ ಇಟ್ಟುಕೊಂಡು ಓಡಾಡುವ ಇಂಥ ವಿದ್ಯಾರ್ಥಿಗಳಿಗಿಂತ ಒಳ್ಳೆಯ ಪಾಲುದಾರರು ಈ ವ್ಯವಹಾರಕ್ಕೆ ಸಿಗಲಾರರು. ಹಳ್ಳಿಯ ಹೊಲ, ಮನೆ, ಭಾಷೆ, ಬೆಲೆ ಎಲ್ಲ ಅವರಿಗೆ ಗೊತ್ತು.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನಾಲ್ಕು ವರ್ಷದಲ್ಲಿ ನೂರು ಆಕ್ಟಿವಿಟಿ ಪಾಯಿಂಟ್ ಗಳಿಸುವ ನಿಯಮವಿದೆ, ಊರು ಕೇರಿಯಲ್ಲಿ ಕೆಲಸ ಮಾಡಿ ಪಡೆಯಬೇಕಾದ ಅಂಕ. ಕೊನೆಯ ವರ್ಷ ಯಾರದೋ ಸರ್ಟಿಫಿಕೇಟಿಗಾಗಿ ಪರದಾಡುವ ಬದಲು ಎರಡನೇ ವರ್ಷದಲ್ಲೇ ಖಾನಾಪುರದ ಒಂದು ಊರು ಹಿಡಿದು, ಅಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ, ಯಾರಿಗೆ ಎಷ್ಟಕ್ಕೆ ಹೋಗುತ್ತದೆ ಎಂದು ಬರೆದುಕೊಂಡು ಬನ್ನಿ. ಅಂಕವೂ ಬರುತ್ತದೆ, ಐಡಿಯಾವೂ ಸಿಗುತ್ತದೆ.

ಬೆಳಗಾವಿಯ ಕುಂದಾದ ಹೆಸರೆತ್ತದೆ ಮುಂದೆ ಹೋಗುವಂತಿಲ್ಲ. ಹಾಲಿನ ಸಿಹಿ, ಬೇಗ ಕೆಡುತ್ತದೆ, ನಿಧಾನದ ಕೊರಿಯರಿಗೆ ಹಾಕುವಂಥದ್ದಲ್ಲ. ರಾತ್ರಿ ಬಸ್ಸಿಗೆ ಹಾಕಿದರೆ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯುತ್ತದೆ. ಸರ್ಕಾರಿ ಸಾರಿಗೆಯವರು 2021ರಲ್ಲಿ ‘ನಮ್ಮ ಕಾರ್ಗೋ’ ಸೇವೆ ಶುರು ಮಾಡಿದ್ದಾರೆ, ಖಾಸಗಿ ಬಸ್ಸಿನ ಪಾರ್ಸಲ್ ಅಂತೂ ಹಳೆಯದೇ. ಬಸ್‌ಸ್ಟ್ಯಾಂಡಿನಿಂದ ಮನೆಗೆ ಮುಟ್ಟಿಸುವ ಕೊನೆಯ ಹತ್ತು ಕಿಲೋಮೀಟರ್ ಯಾರದು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಂಡವರಿಗೆ ಆ ವ್ಯಾಪಾರ. ಬೆಂಗಳೂರಿನಲ್ಲಿ ಓದುತ್ತಿರುವ, ಕೆಲಸದಲ್ಲಿರುವ ನಮ್ಮದೇ ಊರಿನ ಸಾವಿರಾರು ಮಕ್ಕಳಿದ್ದಾರಲ್ಲ.

ಆದರೂ ಬೆಂಗಳೂರನ್ನೇ ನೋಡುತ್ತ ಕೂಡಬೇಕಿಲ್ಲ. ಬೆಂಗಳೂರು ನಮಗೆ 500 ಕಿಲೋಮೀಟರ್ ದೂರ. ಪಣಜಿ, ಕೊಲ್ಲಾಪುರ ಎರಡೂ ನೂರು ನೂರಿಪ್ಪತ್ತರ ಆಸುಪಾಸಿನಲ್ಲಿವೆ. ನಮ್ಮ ಖಡೇಬಜಾರಿಗೆ ಗೋವಾದಿಂದ, ಮಹಾರಾಷ್ಟ್ರದ ಚಂದಗಡದಿಂದ ಗಿರಾಕಿ ಬರುವುದು ಇಂದು ನಿನ್ನೆಯದಲ್ಲ. ಅಂಗಡಿಯವರು ಅವರವರ ಭಾಷೆಯಲ್ಲೇ ಮಾತಾಡಿಸಿ ಕಳಿಸುತ್ತಾರೆ. ಹುಡುಗರು ಮಾತ್ರ ತಮ್ಮ ಜಾಲತಾಣವನ್ನು ಬರೀ ಇಂಗ್ಲಿಷಿನಲ್ಲಿ ಬರೆದು ಮುಗಿಸುತ್ತಾರೆ. ನನಗೆ ಬೇಸರ ತರುವ ಸಂಗತಿ ಇದು. ಕನ್ನಡದಲ್ಲಿ ಮೊದಲು ಬರೆಯಿರಿ, ಮರಾಠಿ, ಕೊಂಕಣಿಯಲ್ಲಿ ಫೋನ್ ಎತ್ತಿ ಮಾತಾಡಲು ಒಬ್ಬರಿರಲಿ. ಕನ್ನಡದಲ್ಲೇ ಆನ್‌ಲೈನ್ ವ್ಯಾಪಾರ ನಡೆಯುತ್ತದೆಂಬುದಕ್ಕೆ 2020ರಲ್ಲಿ ಶುರುವಾದ ಮೈಲ್ಯಾಂಗ್‌ನಂಥ ಇ-ಪುಸ್ತಕದ ಅಂಗಡಿಯೇ ಸಾಕ್ಷಿ.

ಗಡಿ ದಾಟುವಾಗ ತೆರಿಗೆಯ ಮಾತು ಬರುತ್ತದೆ. ರಾಜ್ಯದೊಳಗೆ ಸಣ್ಣ ಪ್ರಮಾಣದಲ್ಲಿ ಸರಕು ಮಾರುವವರು ಜಿಎಸ್‌ಟಿ ನೋಂದಣಿಯಿಲ್ಲದೆಯೂ ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಮಾರಬಹುದೆಂದು 2023ರ ಅಕ್ಟೋಬರ್ 1ರಿಂದ ಅವಕಾಶವಾಗಿದೆ. ಸರಕು ಗೋವಾಕ್ಕೋ ಮಹಾರಾಷ್ಟ್ರಕ್ಕೋ ಹೊರಟರೆ ಅದು ಅಂತರರಾಜ್ಯ ವ್ಯವಹಾರ, ನಿಯಮ ಬೇರೆ. ಬೆಂಗಳೂರಿನ ಹುಡುಗನಿಗೆ ವರ್ಷಗಟ್ಟಲೆ ಎದುರಾಗದ ಈ ಪ್ರಶ್ನೆ ನಮ್ಮವರಿಗೆ ಮೊದಲ ವಾರವೇ ಎದುರಾಗುತ್ತದೆ. ಕೈಕಸುಬಿನ ಕೆಲವು ವಸ್ತುಗಳಿಗೆ ವಿನಾಯಿತಿಗಳೂ ಇವೆ. ತೆರಿಗೆ ಸಲಹೆಗಾರರೊಬ್ಬರ ಬಳಿ ಒಂದು ಗಂಟೆ ಕೂತು ಕೇಳಿಕೊಂಡು ಬಂದ ಮೇಲೆಯೇ ಮೊದಲ ಪಾರ್ಸಲ್ ಗಡಿ ದಾಟಲಿ.

ರೊಕ್ಕದ ಬಗ್ಗೆ ಬಹಳ ಹೇಳುವುದಿಲ್ಲ. ಬೆಂಗಳೂರಿನ ಹೊರಗಿನ ಕಾಲೇಜುಗಳಿಗಾಗಿ ರಾಜ್ಯ ಸರ್ಕಾರದ ‘ನ್ಯೂ ಏಜ್ ಇನ್‌ಕ್ಯುಬೇಷನ್ ನೆಟ್‌ವರ್ಕ್’ ಯೋಜನೆ ವಿದ್ಯಾರ್ಥಿಗಳ ಯೋಜನೆಗೆ 3 ಲಕ್ಷದವರೆಗೆ ನೆರವು ಕೊಟ್ಟಿದೆ. ರಾಜ್ಯ ಸರ್ಕಾರದ್ದೇ ಆದ ‘ಎಲಿವೇಟ್’ ಯೋಜನೆಯಲ್ಲಿ ಆಯ್ಕೆಯಾದವರಿಗೆ 50 ಲಕ್ಷದವರೆಗೂ ಅನುದಾನ ಉಂಟು. ಹುಬ್ಬಳ್ಳಿಯಲ್ಲಿ ಉದ್ಯಮಿ ಗುರುರಾಜ ದೇಶಪಾಂಡೆಯವರ ಪ್ರತಿಷ್ಠಾನ ಕಾಲೇಜು ಮಕ್ಕಳ ಸಣ್ಣ ಪ್ರಯತ್ನಗಳಿಗೆ ಕೈಹಿಡಿಯುತ್ತ ಬಂದಿದೆ. ಆದರೆ ಅರ್ಜಿ ಬರೆಯುವ ಮೊದಲು ಹತ್ತು ಜನರಿಗೆ ಮಾರಿ ನೋಡಿ. ಅಮ್ಮ, ಅತ್ತೆ, ರೂಮ್‌ಮೇಟ್ ಆ ಹತ್ತರಲ್ಲಿ ಬರಬಾರದು. ಪರಿಚಯವಿಲ್ಲದ ಹತ್ತು ಜನ ರೊಕ್ಕ ಕೊಟ್ಟು ಕೊಂಡು, ಅವರಲ್ಲಿ ಮೂವರಾದರೂ ಮತ್ತೆ ಫೋನ್ ಮಾಡಿದರೆ ಜಾಲತಾಣ ಕಟ್ಟಲು ಕಾರಣವಿದೆ. ಅಲ್ಲಿಯವರೆಗೆ ಒಂದು ವಾಟ್ಸ್ಆ್ಯಪ್ ನಂಬರು, ಒಂದು ನೋಟ್‌ಬುಕ್ ಸಾಕು. ಗಿರಾಕಿಗಳ ನಂಬರುಗಳನ್ನು ಯಾರಿಗೂ ದಾಟಿಸಬೇಡಿ, ಅದು ನಂಬಿಕೆಯ ಮಾತು, ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆಯೂ ಅಂಗೀಕಾರವಾಗಿದೆ.

ಗೆಳೆಯರು ಕೂಡಿ ಶುರು ಮಾಡುವಾಗ ಯಾರ ಪಾಲು ಎಷ್ಟು, ಪರೀಕ್ಷೆಯ ತಿಂಗಳಲ್ಲಿ ಆರ್ಡರ್ ಯಾರು ನೋಡುತ್ತಾರೆ, ಕ್ಯಾಂಪಸ್ ಸಂದರ್ಶನದಲ್ಲಿ ಒಬ್ಬನಿಗೆ ಪುಣೆಯ ಕೆಲಸ ಸಿಕ್ಕಿ ಹೋದರೆ ಅವನ ಪಾಲಿನ ಗತಿ ಏನು, ಇವು ಮೂರನ್ನೂ ಒಂದು ಹಾಳೆಯ ಮೇಲೆ ಬರೆದು ಎಲ್ಲರೂ ಸಹಿ ಹಾಕಬೇಕು. ಚಲೋ ನಡೆಯುತ್ತಿದ್ದ ಎಷ್ಟೋ ಕೆಲಸ ಎಂಟನೇ ಸೆಮಿಸ್ಟರಿನಲ್ಲಿ ನಿಂತುಹೋಗುವುದು ಗಿರಾಕಿ ಇಲ್ಲದ್ದಕ್ಕಲ್ಲ, ಈ ಹಾಳೆ ಇಲ್ಲದ್ದಕ್ಕೆ.

ಕಡೆಯದಾಗಿ, ಈ ಮಾತು ಕೇಳುತ್ತಿರುವ ಅಂಗಡಿಯವರಿಗೆ, ವರ್ಕ್‌ಶಾಪಿನವರಿಗೆ, ಕುಂಬಾರ ಬಂಧುಗಳಿಗೆ ನನ್ನದೊಂದು ವಿನಂತಿ. ಪರೀಕ್ಷೆ ಮುಗಿದು ರಜೆ ಬಿದ್ದಾಗ ಕಾಲೇಜಿನ ಇಬ್ಬರು ಮಕ್ಕಳು ನಿಮ್ಮ ಬಾಗಿಲಿಗೆ ಬರಬಹುದು. ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿಗೆ ಬನ್ನಿ ಎಂದು ನಾನೇ ಹೇಳಿ ಕಳಿಸುತ್ತೇನೆ. ಅವರನ್ನು ಕೂಡ್ರಿಸಿ, ಯಾವ ಸರಕು ಕಪಾಟಿನಲ್ಲೇ ಉಳಿಯುತ್ತದೆ, ಯಾವ ಗಿರಾಕಿ ಏನು ಕೇಳಿ ಸಿಗದೆ ಹೋದರು, ಯಾವುದು ವಾಪಸ್ ಬಂತು ಎಂದು ಹೇಳಿ. ಲಾಭದ ಲೆಕ್ಕ ತೋರಿಸಬೇಕಾಗಿಲ್ಲ. ಈ ಮೂರು ಸಂಗತಿ ಸಿಕ್ಕರೆ ಅವರಿಗೆ ಬೇಕಾದ್ದು ಸಿಕ್ಕಿತು.